ಒಮ್ಮತವೂ ಸಮ್ಮತಿಯೂ

ನಿತ್ಯವ್ಯವಹಾರದಲ್ಲಿ ಅತ್ಯಂತ ಹೆಚ್ಚು ದುಡಿಯುವ, ಆದರೆ ಅತ್ಯಂತ ಕಡಿಮೆ ವಿಚಾರಣೆಗೊಳಗಾಗುವ ಪದವೊಂದಿದ್ದರೆ ಅದು ‘ಸರ್ಕಾರ’. ಕೆರೆಯ ಹೂಳು ತೆಗೆಯದಿದ್ದರೆ ಸರ್ಕಾರವನ್ನು ಬೈಯುತ್ತೇವೆ. ಶಾಲೆಯ ಮಾಡು ಸೋರಿದರೆ ಸರ್ಕಾರವನ್ನು ಬೈಯುತ್ತೇವೆ. ಊರ ಹೊರಗಿನ ಗೈರಾಣ ಜಾಗೆ ಯಾರದೆಂದು ಕೇಳಿದರೆ ‘ಸರ್ಕಾರದ್ದು’ ಎನ್ನುತ್ತೇವೆ. ತಹಸೀಲ್ದಾರರ ಜೀಪು ಅಗಸಿಯ ಬಳಿ ನಿಂತರೆ ‘ಸರ್ಕಾರ ಬಂತು’ ಎಂದು ಎದ್ದು ನಿಲ್ಲುತ್ತೇವೆ. ಫಾರಸಿಯಿಂದ ಬಂದು ನಮ್ಮ ಮನೆಯ ಮಾತೇ ಆಗಿಹೋಗಿರುವ ಈ ಒಂದು ಶಬ್ದದ ಮೇಲೆ ಇಷ್ಟು ಭಾರ ಹೇರಿರುವುದರಿಂದ, ಯಾರನ್ನು ಏನು ಕೇಳಬೇಕು ಎಂಬುದೇ ಅನೇಕರಿಗೆ ತಿಳಿಯದಂತಾಗಿದೆ. ನಮ್ಮ ಮನೆಗಳ ಮಕ್ಕಳು ಪಿ.ಯು.ಸಿ.ಯಲ್ಲಿ ರಾಜ್ಯಶಾಸ್ತ್ರವನ್ನು ಅಂಕ ಸುಲಭವಾಗಿ ಬರುವ ವಿಷಯವೆಂದು ಆಯ್ದುಕೊಳ್ಳುತ್ತಾರೆ. ಆದರೆ ಅದರ ಮೊದಲ ಅಧ್ಯಾಯವನ್ನು ಮನೆಯ ಹಿರಿಯರೂ ಒಮ್ಮೆ ಓದುವುದು ಅಗತ್ಯವೆಂದು ನನಗೆ ಬಹುಕಾಲದಿಂದ ಅನ್ನಿಸಿದೆ.

ಆ ಅಧ್ಯಾಯದ ಮೊದಲ ಪಾಠ ರಾಜ್ಯಕ್ಕೂ ಸರ್ಕಾರಕ್ಕೂ ಇರುವ ಭೇದ. ವ್ಯಾಖ್ಯೆಯನ್ನು ಬಾಯಿಪಾಠ ಮಾಡುವುದಕ್ಕಿಂತ ನಮ್ಮ ಅಜ್ಜನವರ ಆಯುಷ್ಯವನ್ನು ನೋಡಿದರೆ ಅದು ಬೇಗ ಅರ್ಥವಾಗುತ್ತದೆ. ಅವರು ಈಗಿನ ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಹುಟ್ಟಿದ ಮನೆಯಲ್ಲಿಯೇ ಬಾಳಿ, 1974ರಲ್ಲಿ ಅದೇ ಮನೆಯಲ್ಲಿ ಲಿಂಗೈಕ್ಯರಾದರು. ಊರು ಬಿಟ್ಟು ಹೋದದ್ದು ಜಾತ್ರೆಗೆ ಮತ್ತು ಬೀಗತನಕ್ಕೆ ಮಾತ್ರ. ಆದರೂ ಅವರ ಕಾಲ ಕೆಳಗಿನ ನೆಲದ ಹೆಸರು ಮತ್ತೆ ಮತ್ತೆ ಬದಲಾಯಿತು.

ಅವರ ಯೌವನದಲ್ಲಿ ಆ ನೆಲ ನಿಜಾಮರ ಹೈದರಾಬಾದ್ ಸಂಸ್ಥಾನದ್ದು. ಕಚೇರಿಯ ಭಾಷೆ ಉರ್ದು. ಊರಿನಲ್ಲಿ ಅಧಿಕಾರವೆಂದರೆ ಮಾಲಿ ಪಾಟೀಲ, ಪೊಲೀಸ್ ಪಾಟೀಲ ಮತ್ತು ಪಟವಾರಿ. ಚಲಾವಣೆಯ ನಾಣ್ಯ ಹಾಲಿ ಸಿಕ್ಕಾ. ಬ್ರಿಟಿಷ್ ಹಿಂದುಸ್ತಾನದ ರೂಪಾಯಿಗೆ ಕಲ್ದಾರ ಎಂಬ ಬೇರೆ ಹೆಸರೇ ಇತ್ತು. ಸ್ವಂತ ನಾಣ್ಯ, ಸ್ವಂತ ಸೈನ್ಯ, ಸ್ವಂತ ಅಂಚೆ ಇದ್ದ ಮೇಲೆ ನಿಜಾಮರು ಸಾರ್ವಭೌಮರೇ ಅಲ್ಲವೆ ಎಂದು ಕೇಳಬಹುದು. ಅಲ್ಲ. ಅವರ ಮೇಲೆ ಬ್ರಿಟಿಷರ ಪರಮಾಧಿಕಾರವಿತ್ತು. ತನ್ನ ಮೇಲೆ ಇನ್ನೊಬ್ಬರ ಮಾತು ನಡೆಯದ ಸ್ಥಿತಿಗೆ ಸಾರ್ವಭೌಮತ್ವವೆಂದು ಹೆಸರು. ಕಿರೀಟವಿದ್ದ ಮಾತ್ರಕ್ಕೆ ಅದು ಲಭಿಸುವುದಿಲ್ಲ. 1947ರ ಆಗಸ್ಟಿನಲ್ಲಿ ಬ್ರಿಟಿಷರ ಪರಮಾಧಿಕಾರ ಕೊನೆಗೊಂಡಾಗ ನಿಜಾಮರು ತಾವು ಸ್ವತಂತ್ರರೆಂದು ವಾದಿಸಿದರು. ನವೆಂಬರಿನಲ್ಲಿ ಭಾರತದೊಡನೆ ಯಥಾಸ್ಥಿತಿ ಒಪ್ಪಂದವಾಯಿತು. ಮುಂದಿನ ತಿಂಗಳುಗಳಲ್ಲಿ ರಜಾಕಾರರ ಹಾವಳಿಯಲ್ಲಿ ನಮ್ಮ ಭಾಗದ ಹಳ್ಳಿಗಳು ಏನೇನು ಕಂಡವೆಂಬುದನ್ನು ಅಜ್ಜ ಹೆಚ್ಚು ಹೇಳುತ್ತಿರಲಿಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. 17ರಂದು ನಿಜಾಮರು ಶರಣಾದರು. ಆ ದಿನ ಬದಲಾದದ್ದು ರಾಜ್ಯ. ಅಂದರೆ, ಆ ನೆಲದ ಮೇಲೆ ಕೊನೆಯ ಮಾತು ಯಾರದು ಎಂಬುದೇ ಬದಲಾಯಿತು.

1952ರಲ್ಲಿ ಹೈದರಾಬಾದ್ ರಾಜ್ಯಕ್ಕೆ ಚುನಾಯಿತ ಮಂತ್ರಿಮಂಡಲ ಬಂತು. 1956ರ ನವೆಂಬರ್ 1ರಂದು ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳ ಕನ್ನಡ ಪ್ರದೇಶ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. 1973ರ ನವೆಂಬರ್ 1ರಂದು ಆ ರಾಜ್ಯ ಕರ್ನಾಟಕವೆಂಬ ಹೆಸರು ಪಡೆಯಿತು. ಈ ಬದಲಾವಣೆಗಳು 1948ರ ಬದಲಾವಣೆಯ ಜಾತಿಯವಲ್ಲ. ಸಾರ್ವಭೌಮತ್ವ ಭಾರತದ ಗಣರಾಜ್ಯದಲ್ಲಿಯೇ ಇದ್ದು, ಅದರೊಳಗಿನ ಗಡಿಗೋಡೆಯಷ್ಟೇ ಸರಿದಾಡಿತು. ಇನ್ನು 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿ ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದದ್ದನ್ನು ನಾನೇ ಕಂಡಿದ್ದೇನೆ. ಪಟಾಕಿಗಳ ಸದ್ದಿನ ಮಧ್ಯೆಯೂ ಅಂದು ಗಡಿ ಬದಲಾಗಲಿಲ್ಲ, ನಾಣ್ಯ ಬದಲಾಗಲಿಲ್ಲ, ಹೊಲದ ಪಹಣಿ ಬದಲಾಗಲಿಲ್ಲ. ಬದಲಾದದ್ದು ಸರ್ಕಾರ ಮಾತ್ರ. ಸರ್ಕಾರ ರಾಜ್ಯದ ಕೆಲಸ ನಡೆಸಲು ನೇಮಿಸಿದ ಕಾರಭಾರಿ. ಅವನು ಹೋಗಿ ಇನ್ನೊಬ್ಬ ಬಂದರೆ ಮನೆತನ ಮುರಿಯುವುದಿಲ್ಲ. ಕಾರಭಾರಿಯನ್ನು ಟೀಕಿಸಿದವನನ್ನು ಮನೆತನದ ದ್ರೋಹಿ ಎಂದು ಕರೆಯುವುದು ಎಂಥ ಅವಿವೇಕವೋ, ಸರ್ಕಾರವನ್ನು ಟೀಕಿಸಿದವನನ್ನು ದೇಶದ್ರೋಹಿ ಎನ್ನುವುದೂ ಅಂಥದೇ. ಈ ಒಂದು ಭೇದ ಮನದಟ್ಟಾದರೆ ರಾಜ್ಯಶಾಸ್ತ್ರದ ಅರ್ಧ ಪಾಠ ಮುಗಿದಂತೆ.

ಕನ್ನಡದಲ್ಲಿ ಒಂದು ತೊಡಕುಂಟು. ಶಾಸ್ತ್ರದ ‘ರಾಜ್ಯ’ಕ್ಕೂ ಕರ್ನಾಟಕ, ಕೇರಳಗಳೆಂಬ ‘ರಾಜ್ಯ’ಗಳಿಗೂ ನಮ್ಮಲ್ಲಿ ಒಂದೇ ಪದ. 1933ರ ಮಾಂಟೆವಿಡಿಯೊ ಒಪ್ಪಂದದ ಪ್ರಕಾರ ರಾಜ್ಯವೆನಿಸಿಕೊಳ್ಳಲು ಸ್ಥಿರವಾದ ಜನ, ಗೊತ್ತಾದ ನೆಲ, ಒಂದು ಸರ್ಕಾರ, ಹಾಗೂ ಇತರ ರಾಜ್ಯಗಳೊಡನೆ ವ್ಯವಹರಿಸುವ ಸಾಮರ್ಥ್ಯ ಬೇಕು. ಕರ್ನಾಟಕಕ್ಕೆ ಮೊದಲ ಮೂರೂ ಉಂಟು, ನಾಲ್ಕನೆಯದಿಲ್ಲ. ನಮ್ಮ ಮುಖ್ಯಮಂತ್ರಿ ಪರದೇಶಕ್ಕೆ ಹೋಗಿ ಬಂಡವಾಳ ಕೇಳಬಹುದು, ಸಂಧಿವಿಗ್ರಹ ಮಾಡಲಾರರು. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಮಠದ ಪಾಠಶಾಲೆಯಲ್ಲಿ ನಾವು ಈ ವಿಷಯವನ್ನು ಬೇರೆ ದಾರಿಯಿಂದ ಕಲಿತೆವು. ನಮ್ಮ ಗುರುಗಳು ಕೌಟಿಲ್ಯನ ಸಪ್ತಾಂಗಗಳನ್ನು ಬೆರಳು ಮಡಿಸಿ ಹೇಳಿಸುತ್ತಿದ್ದರು: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಆ ಗ್ರಂಥ ನಮಗೆ ದಕ್ಕಿದ ಕಥೆಯೂ ಸ್ವಾರಸ್ಯಕರ. ಶತಮಾನಗಳ ಕಾಲ ಹೆಸರು ಮಾತ್ರ ಉಳಿದಿದ್ದ ಅರ್ಥಶಾಸ್ತ್ರದ ಓಲೆಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂತು. ಅಲ್ಲಿಯ ಪಂಡಿತ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಹಿಂದುಸ್ತಾನದವರಿಗೆ ರಾಜ್ಯಚಿಂತನೆಯೇ ಇರಲಿಲ್ಲವೆಂದು ಹೇಳುತ್ತಿದ್ದ ಪಾಶ್ಚಾತ್ಯ ವಿದ್ವಾಂಸರು ಮಾತು ಬದಲಿಸಬೇಕಾಯಿತು.

ಏಳು ಅಂಗಗಳಲ್ಲಿ ನನ್ನನ್ನು ಬಾಲ್ಯದಿಂದಲೂ ಕಾಡಿದ್ದು ದಂಡ. ದಂಡವಿಲ್ಲದಿದ್ದರೆ ಮಾತ್ಸ್ಯನ್ಯಾಯ, ಅಂದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಸ್ಥಿತಿ, ತಲೆದೋರುತ್ತದೆಂದು ಕೌಟಿಲ್ಯನ ಮತ. ಆ ಸ್ಥಿತಿಯಿಂದ ಕಂಗೆಟ್ಟ ಜನ ಮನುವನ್ನು ದೊರೆಯನ್ನಾಗಿ ಮಾಡಿಕೊಂಡು, ಬೆಳೆಯ ಆರನೆಯ ಒಂದು ಪಾಲನ್ನೂ ಸರಕಿನ ಹತ್ತನೆಯ ಒಂದು ಪಾಲನ್ನೂ ಅವನಿಗೆ ಗೊತ್ತುಮಾಡಿದರೆಂಬ ಕಥೆ ಅಲ್ಲಿ ಬರುತ್ತದೆ. ಇಂಗ್ಲೆಂಡಿನ ಅಂತರ್ಯುದ್ಧವನ್ನು ಕಂಡ ಹಾಬ್ಸ್ 1651ರಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದೇ: ಭಯದಿಂದ ಬಿಡುಗಡೆ ಪಡೆಯಲು ಜನರು ತಮ್ಮ ಸ್ವಾತಂತ್ರ್ಯವನ್ನು ಒಬ್ಬನ ಕೈಗೆ ಒಪ್ಪಿಸಿದರು. 1689ರಲ್ಲಿ ಲಾಕ್ ಅದಕ್ಕೊಂದು ಕರಾರು ಸೇರಿಸಿದನು: ಕೊಟ್ಟದ್ದು ವಿಶ್ವಾಸದ ಮೇಲೆ, ವಿಶ್ವಾಸ ಕೆಟ್ಟರೆ ಹಿಂದಕ್ಕೆ ಪಡೆಯಬಹುದು.

ಆದರೆ ಕೌಟಿಲ್ಯನ ಆ ಕಥೆಯನ್ನು ಹೇಳುವವರು ಯಾರೆಂಬುದನ್ನು ಗಮನಿಸಬೇಕು. ಹೇಳುವವರು ರಾಜನ ಗೂಢಚಾರರು! ತೀರ್ಥಕ್ಷೇತ್ರಗಳಲ್ಲಿ, ಸಭೆಗಳಲ್ಲಿ, ಜನ ನೆರೆದೆಡೆಗಳಲ್ಲಿ ಇಬ್ಬರು ಗೂಢಚಾರರು ಬೇಕೆಂದೇ ವಾದ ಹೂಡಬೇಕು; ಒಬ್ಬನು ರಾಜನನ್ನು ದೂರಬೇಕು, ಇನ್ನೊಬ್ಬನು ಮನುವಿನ ಕಥೆ ಹೇಳಿ ಅವನ ಬಾಯಿ ಮುಚ್ಚಿಸಬೇಕು. ಕೇಳುವ ಜನ ತೆರಿಗೆ ಕೊಡುವುದು ತಮ್ಮ ಪೂರ್ವಿಕರೇ ಒಪ್ಪಿದ ಧರ್ಮವೆಂದು ತಲೆದೂಗಿ ಮನೆಗೆ ಹೋಗಬೇಕು. ಜನರ ಒಪ್ಪಿಗೆಯಿಲ್ಲದೆ ಆಳುವುದು ಕಷ್ಟವೆಂದು ಕೌಟಿಲ್ಯನಿಗೆ ಗೊತ್ತಿತ್ತು. ಆ ಒಪ್ಪಿಗೆಯನ್ನು ತಯಾರಿಸಬಹುದೆಂಬುದೂ ಗೊತ್ತಿತ್ತು. ಗುರುಗಳು ಈ ಭಾಗವನ್ನು ಪಾಠ ಮಾಡುವಾಗ ಒಂದು ಕ್ಷಣ ನಕ್ಕು ಮುಂದಿನ ಪುಟ ತಿರುವುತ್ತಿದ್ದರು. ಇಂದು ದೂರದರ್ಶನದ ವಾದವಿವಾದಗಳನ್ನು ನೋಡುವಾಗ ನನಗೆ ಆ ನಗೆಯ ನೆನಪಾಗುತ್ತದೆ.

ಬಲ ಬೇರೆ, ಅಧಿಕಾರ ಬೇರೆ ಎಂಬುದು ಎರಡನೆಯ ಪಾಠ. ದಾರಿಯಲ್ಲಿ ಅಡ್ಡಗಟ್ಟಿ ಹಣ ಕಸಿಯುವವನಿಗೆ ಬಲವಿದೆ. ರಸೀದಿ ಕೊಟ್ಟು ಕರ ಪಡೆಯುವ ಕರವಸೂಲಿಗಾರನಿಗೆ ಅಧಿಕಾರವಿದೆ. ಇಬ್ಬರಿಗೂ ನಾವು ಹಣ ಕೊಡುತ್ತೇವೆ. ಎರಡನೆಯವನಿಗೆ ಕೊಡುವಾಗ ಮಾತ್ರ ಕೇಳುವ ಹಕ್ಕು ಅವನಿಗಿದೆಯೆಂದು ಒಪ್ಪಿ ಕೊಡುತ್ತೇವೆ. ಈ ಒಪ್ಪಿಗೆಗೆ ಮೂರು ಮೂಲಗಳುಂಟೆಂದು ಜರ್ಮನಿಯ ಮ್ಯಾಕ್ಸ್ ವೆಬರ್ 1919ರಲ್ಲಿ ಮ್ಯೂನಿಕ್ಕಿನಲ್ಲಿ ಮಾಡಿದ ಉಪನ್ಯಾಸದಲ್ಲಿ ವಿವರಿಸಿದನು. ಹಿಂದಿನಿಂದ ಬಂದದ್ದೆಂಬ ಪರಂಪರೆ ಒಂದು. ವ್ಯಕ್ತಿಯೊಬ್ಬನ ವರ್ಚಸ್ಸು ಇನ್ನೊಂದು. ಬರೆದಿಟ್ಟ ಕಾನೂನು ಮೂರನೆಯದು. ನಾನು ಬೆಳೆದ ಮಠದಲ್ಲಿ ಮೊದಲೆರಡು ಧಾರಾಳವಾಗಿದ್ದವು. ಪೀಠದ ಮೇಲಿನ ಗೌರವ ಪರಂಪರೆಯಿಂದ ಬಂದದ್ದು, ಪೀಠದಲ್ಲಿದ್ದ ಪೂಜ್ಯರ ಮೇಲಿನ ಭಕ್ತಿ ಅವರ ನಡೆಯಿಂದ ಬಂದದ್ದು. ಅವರ ಮಾತಿಗೆ ನೂರು ಹಳ್ಳಿ ತಲೆಬಾಗುತ್ತಿತ್ತು. ಆದರೆ ಯಾರನ್ನೂ ಸೆರೆಗೆ ಹಾಕುವ ದಂಡ ಅವರ ಕೈಯಲ್ಲಿರಲಿಲ್ಲ. ನ್ಯಾಯಸಮ್ಮತವಾಗಿ ಬಲಪ್ರಯೋಗ ಮಾಡುವ ಹಕ್ಕು ತನಗೊಬ್ಬನಿಗೇ ಸೇರಿದ್ದೆಂದು ಸಾಧಿಸಿಕೊಂಡದ್ದೇ ರಾಜ್ಯವೆಂದು ವೆಬರ್ ಹೇಳಿದ್ದು ಈ ಕಾರಣದಿಂದ. ದಂಡ ಒಂದೇ ಕೈಯಲ್ಲಿರುವುದರಿಂದಲೇ ಆ ಕೈಗೆ ಕಾನೂನಿನ ಕಟ್ಟು ಬೇಕು.

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ವಿಚಾರ ಎಲ್ಲರೂ ಬಲ್ಲದ್ದಾದ್ದರಿಂದ ವಿಸ್ತರಿಸುವುದಿಲ್ಲ. ಒಂದು ಮಾತನ್ನು ಮಾತ್ರ ಹೇಳಬೇಕು. ಮಂತ್ರಿಮಂಡಲಕ್ಕೆ ಬಹುಮತವಿದೆಯೋ ಇಲ್ಲವೋ ಎಂಬುದನ್ನು ಎಲ್ಲಿ ಎಣಿಸಬೇಕು? 1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ ಕೆಲವು ಶಾಸಕರು ಬೆಂಬಲ ಹಿಂತೆಗೆದರೆಂಬ ಪತ್ರಗಳ ಆಧಾರದ ಮೇಲೆ, ಸದನದಲ್ಲಿ ಬಲ ತೋರಿಸಲು ಅವಕಾಶವನ್ನೇ ಕೊಡದೆ, ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಬೊಮ್ಮಾಯಿಯವರು ನ್ಯಾಯಾಲಯದ ಮೆಟ್ಟಿಲೇರಿದರು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಾಗ ಅವರ ಸರ್ಕಾರ ಹೋಗಿ ಐದು ವರ್ಷಗಳಾಗುತ್ತ ಬಂದಿತ್ತು. ಅವರಿಗೆ ಅಧಿಕಾರ ಮರಳಿ ಬರಲಿಲ್ಲ. ಆದರೆ ಬಹುಮತದ ಪರೀಕ್ಷೆ ನಡೆಯಬೇಕಾದದ್ದು ರಾಜಭವನದ ಕೊಠಡಿಯಲ್ಲಲ್ಲ, ಸದನದಲ್ಲಿ ಎಂಬುದು ಇಡೀ ದೇಶಕ್ಕೆ ನಿಯಮವಾಯಿತು. ನಮ್ಮ ರಾಜ್ಯದ ಒಂದು ಸೋಲು ಉಳಿದ ರಾಜ್ಯಗಳಿಗೆಲ್ಲ ಕವಚವಾದದ್ದನ್ನು ನಮ್ಮ ಮಕ್ಕಳಿಗೆ ನಾವು ಸಾಕಷ್ಟು ಹೇಳಿಕೊಟ್ಟಿಲ್ಲ.

ತಲೆಗಳನ್ನು ಎಲ್ಲಿ ಎಣಿಸಬೇಕೆಂಬ ಈ ಪ್ರಶ್ನೆ ವಿಧಾನಸೌಧಕ್ಕೆ ಮಾತ್ರ ಸೀಮಿತವಲ್ಲ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯತಿಗಳಿಗೆ ಚುನಾವಣೆ ನಡೆದಾಗ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು ವಾಚಕರಿಗೆ ನೆನಪಿರಬಹುದು. ನಮ್ಮೂರಿನಲ್ಲಿಯೂ ಅದು ನಡೆಯಿತು. ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ತೇರಿನ ಮನೆಯ ಕಟ್ಟಡ ಅರ್ಧಕ್ಕೆ ನಿಂತಿತ್ತು. ಯಾರು ಗುಡಿಗೆ ಹೆಚ್ಚು ಹಣ ಕೊಡುವರೋ ಅವರೇ ಸದಸ್ಯರು, ಉಳಿದವರು ನಾಮಪತ್ರ ಹಿಂತೆಗೆಯಬೇಕು ಎಂದು ನಿರ್ಧಾರವಾಯಿತು. ನಮ್ಮ ಓಣಿಯ ಸ್ಥಾನ ಮಹಿಳೆಯರಿಗೆ ಮೀಸಲು. ಒಬ್ಬರು ತಮ್ಮ ಹೆಂಡತಿಯ ಹೆಸರಿನಲ್ಲಿ ಸವಾಲು ಕೂಗಿ ಗೆದ್ದರು. ಆ ತಾಯಿ ಕಟ್ಟೆಯ ಹತ್ತಿರವೂ ಬಂದಿರಲಿಲ್ಲ. ಅದೇ ಸ್ಥಾನಕ್ಕೆ ನಾಮಪತ್ರ ಕೊಟ್ಟಿದ್ದ ಇನ್ನೊಬ್ಬಾಕೆ ಕೂಲಿ ಮಾಡಿ ಎರಡು ಮಕ್ಕಳನ್ನು ಸಾಕುತ್ತಿದ್ದ ವಿಧವೆ. ಆಕೆಯನ್ನೂ ಯಾರೂ ಕರೆದಿರಲಿಲ್ಲ. ಆಕೆ ಹಿಂದೆ ಸರಿಯಲು ಒಪ್ಪದಿದ್ದಾಗ ಹಿರಿಯರು ನಮ್ಮ ಮನೆಗೆ ಬಂದರು. ಅವರ ಮುಂದಾಳು ನನ್ನ ಸ್ವಂತ ಅಣ್ಣ.

“ತಮ್ಮಾ, ನೀ ಮಠದಾಗ ಓದಿದಾಂವ. ನಿನ್ನ ಮಾತು ಆಕಿ ತಗದು ಹಾಕಂಗಿಲ್ಲ. ಊರೆಲ್ಲಾ ಒಂದಾಗೇದ, ಆಕಿ ಒಬ್ಬಾಕಿ ಯಾಕ ಅಡ್ಡ ನಿಂದರಬೇಕು? ಫಾರ್ಮ್ ವಾಪಸ್ ತಗೋ ಅಂತ ಒಂದ ಮಾತ ಹೇಳು” ಎಂದನು ಅಣ್ಣ.

ಅವನ ವಾದ ಹುರುಳಿಲ್ಲದ್ದಲ್ಲ. ಹಿಂದಿನ ಒಂದು ಚುನಾವಣೆಯಲ್ಲಿ ನಮ್ಮೂರು ಎರಡು ಪಾಳೆಯವಾಗಿ, ಒಂದೇ ಮನೆತನದ ಎರಡು ಮನೆಗಳು ಮೂರು ವರ್ಷ ಒಬ್ಬರ ಮದುವೆಗೆ ಒಬ್ಬರು ಹೋಗಿರಲಿಲ್ಲ. ಮದ್ಯ, ಹಣ, ಪೊಲೀಸ್ ಠಾಣೆ ಎಲ್ಲವನ್ನೂ ಕಂಡವರಿಗೆ ಅವಿರೋಧ ಆಯ್ಕೆಯೆಂದರೆ ಶಾಂತಿ. ಅಭ್ಯರ್ಥಿಗಳು ತಾವಾಗಿಯೇ ಹಿಂದೆ ಸರಿದು ಒಬ್ಬರೇ ಉಳಿದರೆ ಕಾನೂನೂ ಅದನ್ನು ಒಪ್ಪುತ್ತದೆ. ಒಪ್ಪದಿರುವುದು ಸ್ಥಾನಕ್ಕೆ ಬೆಲೆ ಕಟ್ಟುವುದನ್ನು ಮತ್ತು ಒತ್ತಾಯದಿಂದ ಹಿಂದೆ ಸರಿಸುವುದನ್ನು.

ನಾನು ಹೇಳಿದ್ದು ಇಷ್ಟು. ಒಮ್ಮತ ಬೇರೆ, ಸಮ್ಮತಿ ಬೇರೆ. ಕಟ್ಟೆಯ ಮೇಲೆ ಕುಳಿತವರ ಮನಸ್ಸು ಒಂದಾದರೆ ಅದು ಕಟ್ಟೆಯ ಒಮ್ಮತ. ಕಟ್ಟೆ ಹತ್ತಲಾರದವರ ಸಮ್ಮತಿ ಅದರಲ್ಲಿಲ್ಲ. ಪಂಚಾಯತಿಯನ್ನು ನಮ್ಮ ಹಿಂದಿನ ಪಂಚರ ಕೂಟದ ಮುಂದುವರಿಕೆಯೆಂದು ಭಾವಿಸುವುದರಿಂದ ಈ ಗೊಂದಲ ಹುಟ್ಟುತ್ತದೆ. ಪಂಚರಿಗೆ ಇದ್ದದ್ದು ಪರಂಪರೆಯ ಬಲ. ಈಗಿನ ಪಂಚಾಯತಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಮತ್ತು ಅದೇ ವರ್ಷದ ಕರ್ನಾಟಕದ ಅಧಿನಿಯಮದ ಕೂಸು. ನಮ್ಮ ರಾಜ್ಯವಂತೂ ಅದಕ್ಕೂ ಮೊದಲೇ, ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ, 1983ರ ಕಾಯಿದೆ ತಂದು 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಸಿ ಮಹಿಳೆಯರಿಗೆ ಕಾಲುಭಾಗ ಮೀಸಲಿಟ್ಟಿತ್ತು. ಮೂಲಭೂತ ಹಕ್ಕುಗಳನ್ನು ಹೇಳುವ ಸಂವಿಧಾನದ ಭಾಗದಲ್ಲಿ, 12ನೆಯ ಅನುಚ್ಛೇದದ ಪ್ರಕಾರ, ಸ್ಥಳೀಯ ಪ್ರಾಧಿಕಾರಗಳೂ ‘ರಾಜ್ಯ’ವೆಂಬ ಪದದೊಳಗೆ ಸೇರುತ್ತವೆ. ದೆಹಲಿಯ ಸರ್ಕಾರಕ್ಕೆ ಹಾಕಿದ ಹಕ್ಕುಗಳ ಕಟ್ಟು ನಮ್ಮ ಗ್ರಾಮ ಪಂಚಾಯತಿಗೂ ಉಂಟು. ಅಂಥದೊಂದು ಸ್ಥಾನವನ್ನು ಮಾರಲು ಗುಡಿಯ ಕಟ್ಟೆಗೆ ಯಾವ ಅಧಿಕಾರವಿದೆ? ಬಲವಿರಬಹುದು. ಹಣ ಕೊಟ್ಟು ಕೊಂಡವರು ಅದನ್ನು ಎಲ್ಲಿಂದ ತುಂಬಿಕೊಳ್ಳುವರೆಂದೂ ಕೇಳಿದೆ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

“ಪುಸ್ತಕದ ಮಾತು ಪುಸ್ತಕದಾಗ ಇರಲಿ. ದೇವರ ಕೆಲಸಕ್ಕ ಅಡ್ಡಾಗಬ್ಯಾಡ” ಎಂದು ಅಣ್ಣ ಎದ್ದನು. ನಾನು ಆಕೆಯ ಮನೆಗೆ ಹೋಗಲೊಪ್ಪಲಿಲ್ಲ. ತೇರಿನ ಮನೆಗೆ ನನ್ನ ಕೈಲಾದಷ್ಟು ಕೊಡುತ್ತೇನೆ, ಅದಕ್ಕೂ ಇದಕ್ಕೂ ಸಂಬಂಧ ಬೇಡವೆಂದೆ. ಮರುದಿನ ಸಂಜೆ ಆಕೆಯೇ ನಮ್ಮ ಅಂಗಳಕ್ಕೆ ಬಂದು ಕಂಬಕ್ಕೆ ಒರಗಿ ನಿಂತು, “ಶಾಸ್ತ್ರಿಗೋಳ, ಇಷ್ಟ ಮಂದಿ ಕೂಡಿದ್ರು, ನನ್ನ ಯಾರಾರ ಒಂದ ಮಾತ ಕೇಳಿದ್ರೇನ್ರಿ? ಕೇಳಿದ್ರ ಬಿಡತಿದ್ದೆನೋ ಏನೋ” ಎಂದಳು. ಲಾಕನ ಗ್ರಂಥವನ್ನು ಆಕೆ ಓದಿಲ್ಲ. ಓದಿದ ನಮ್ಮಲ್ಲಿ ಎಷ್ಟು ಜನ ಇಷ್ಟು ನೇರವಾಗಿ ಅದನ್ನು ಹೇಳಬಲ್ಲೆವು?

ಚುನಾವಣೆ ನಡೆಯಿತು. ಆಕೆ ಹನ್ನೊಂದು ಮತಗಳಿಂದ ಸೋತಳು. ಗೆದ್ದ ತಾಯಿಯ ಪರವಾಗಿ ಸಭೆಗಳಿಗೆ ಅವರ ಯಜಮಾನರೇ ಹೋಗುತ್ತಿದ್ದರು. ಸವಾಲಿನ ಹಣ ಪೂರ್ತಿ ಬರಲಿಲ್ಲ. ತೇರಿನ ಮನೆಗೆ ತಗಡು ಹೊದಿಸಿದ್ದು ಅದಾದ ಎರಡು ವರ್ಷಗಳ ಮೇಲೆ, ಮನೆಮನೆಯ ವಂತಿಗೆಯಿಂದ. ಆ ಯುಗಾದಿಗೆ ಅಣ್ಣ ಬೇವುಬೆಲ್ಲಕ್ಕೆ ನಮ್ಮ ಮನೆಗೆ ಬರಲಿಲ್ಲ. ನಾನೇ ಹೋದೆ, ಅತ್ತಿಗೆ ಬೇವು ಕೊಟ್ಟರು, ಅಣ್ಣ ಹೊಲದಲ್ಲಿದ್ದನು. ಈಗ ಮಾತುಕತೆ ಇದೆ, ಆ ವಿಷಯವೊಂದನ್ನು ಬಿಟ್ಟು.

2021ರಲ್ಲಿ ನಡೆದ ಒಂದು ಗ್ರಾಮಸಭೆಗೆ ನಾನು ಹೋಗಿದ್ದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಆ ಸಭೆಯ ಸದಸ್ಯರು. ಅದಕ್ಕೆ ಗೆಲ್ಲಬೇಕಾದುದಿಲ್ಲ, ಸೋತವರಿಗೂ ಅಲ್ಲಿ ಜಾಗವಿದೆ. ಶಾಲೆಯ ಮುಂದೆ ಶಾಮಿಯಾನ ಹಾಕಿದ್ದರು. ಹೆಂಗಸರ ಸಾಲಿನ ಹಿಂದಿನಿಂದ ಆಕೆ ಎದ್ದು ನಿಂತು, ನಾಲೆಯ ಹೂಳು ತೆಗೆದ ಉದ್ಯೋಗ ಖಾತರಿ ಕೆಲಸದ ಹಾಜರಿ ಪಟ್ಟಿಯನ್ನು ಎಲ್ಲರೆದುರು ಓದಬೇಕೆಂದು ಕೇಳಿದಳು. ವೇದಿಕೆಯ ಮೇಲಿದ್ದ ಒಬ್ಬರು ಊಟದ ಹೊತ್ತಾಯಿತೆಂದರು. ಆಕೆ ಕೂಡಲಿಲ್ಲ. ಪಕ್ಕದಲ್ಲಿದ್ದ ಇನ್ನಿಬ್ಬರು ಹೆಂಗಸರೂ ಎದ್ದರು. ಪಿ.ಡಿ.ಒ. ಅವರು ಕಚೇರಿಯಿಂದ ಕಡತ ತರಿಸಿ ಹೆಸರುಗಳನ್ನು ಒಂದೊಂದಾಗಿ ಓದತೊಡಗಿದರು. ಸಭೆ ಮುಗಿದಾಗ ಮಧ್ಯಾಹ್ನ ಮೂರೂವರೆಯಾಗಿತ್ತು.